ಬೇವಿನ ಗಿಡದ ಕಳ್ಳ

ಬೇವೂರಿನ ಬಸಯ್ಯನವರ ಹಿತ್ತಲಿನ ಗೋಡೆ ಒಂದು ಮೂಲೆಯಲ್ಲಿ ಕುಸಿದಿತ್ತು. ಅದನ್ನು ಕಟ್ಟಿಸುವ ಮಾತು ಪ್ರತಿ ಬೇಸಿಗೆಯಲ್ಲಿ ಏಳುತ್ತಿತ್ತು, ಮಳೆ ಬಂದೊಡನೆ ಬಿತ್ತನೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತಿತ್ತು. ಹಿರಿಯರ ಈ ಸೋಮಾರಿತನದಿಂದ ಯಾರಿಗಾದರೂ ಲಾಭವಾಗಿದ್ದರೆ ಅದು ಓಣಿಯ ಮಕ್ಕಳಿಗೆ. ಶಾಲೆ ಬಿಟ್ಟ ಕೂಡಲೇ ಪಾಟಿಚೀಲವನ್ನು ಮನೆಯೊಳಗೆ ಎಸೆದು, ಆ ಕುಸಿದ ಮೂಲೆಯಿಂದ ನಾವು ಒಳಗೆ ಜಿಗಿಯುತ್ತಿದ್ದೆವು. ಒಳಗೆ ಒಂದು ದೊಡ್ಡ ಬೇವಿನ ಗಿಡ, ಮೇವಿನ ಬಣವೆ, ಕುಳ್ಳಿನ ರಾಶಿ, ಒಡೆದು ಮೂಲೆ ಸೇರಿದ ಒಂದು ಒಳಕಲ್ಲು. ಮಕ್ಕಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು ಎಂಬುದು ನನಗೆ ಈಗಲೂ ತಿಳಿದಿಲ್ಲ.

ಲಗೋರಿ ಆಡುತ್ತಿದ್ದೆವು, ಚಿಣಿಕೋಲು ಆಡುತ್ತಿದ್ದೆವು. ಹುಡುಗಿಯರು ಕುಂಟಾಟಕ್ಕೆ ಮನೆ ಬರೆದರೆ ಅದನ್ನು ಕಾಲಿನಿಂದ ಅಳಿಸಿ ಬೈಸಿಕೊಳ್ಳುತ್ತಿದ್ದೆವು. ಆದರೆ ಅಂಥ ಗಿಡವಿದ್ದ ಮೇಲೆ ಗಿಡಮಂಗ್ಯಾನ ಆಟವೇ ದೊಡ್ಡದು. ಗಿಡದ ಬುಡದಲ್ಲಿ ಒಂದು ಗೆರೆಯ ವರ್ತುಲ. ಒಬ್ಬ ಒಂಟಿ ಕಾಲೆತ್ತಿ, ಅದರ ಕೆಳಗಿನಿಂದ ಒಂದು ಕೋಲನ್ನು ಸಾಧ್ಯವಾದಷ್ಟು ದೂರ ಎಸೆಯಬೇಕು. ಕಳ್ಳನಾದವನು ಓಡಿಹೋಗಿ ಅದನ್ನು ತಂದು ವರ್ತುಲದಲ್ಲಿ ಇಡುವಷ್ಟರಲ್ಲಿ ಉಳಿದವರೆಲ್ಲ ಗಿಡದ ಮೇಲೆ. ಆಮೇಲೆ ಕಳ್ಳ ಕೋಲನ್ನೂ ಕಾಯಬೇಕು, ಗಿಡವನ್ನೂ ಹತ್ತಬೇಕು. ಟೊಂಗೆಯಿಂದ ಇಳಿಬಿದ್ದ ಯಾರದಾದರೂ ಕಾಲು ಮುಟ್ಟಿ ‘ಸಿಕ್ಕಿ’ ಅಂದರೆ ಕಳ್ಳತನ ಅವರ ಪಾಲಿಗೆ ಹೋಗುತ್ತಿತ್ತು.

ನಮ್ಮ ಹಿತ್ತಲಿಗೆ ಎರಡು ಸ್ವಂತ ಕಾಯಿದೆಗಳಿದ್ದವು. ಕತ್ತಲಾಗಿ ಅವ್ವಂದಿರು ಕೂಗತೊಡಗಿದಾಗ ಯಾರು ಕಳ್ಳರಾಗಿರುತ್ತಾರೋ ಅವರು ಕಳ್ಳರಾಗಿಯೇ ಮನೆಗೆ ಹೋಗಬೇಕು, ಮರುದಿನ ಅವರಿಂದಲೇ ಆಟ. ಹುಲ್ಲಪ್ಪನೆಂಬ ನಮ್ಮ ಗೆಳೆಯ ಹಾಗೆ ಹೋದವನು ಮರುದಿನ ದಡಾರ ಎದ್ದು ಮಲಗಿಬಿಟ್ಟ. ಅವನು ಗುಣವಾಗಿ, ಸೊರಗಿದ ಮುಖ ಹೊತ್ತು ಹಿತ್ತಲಿಗೆ ಬಂದಾಗ ಯಾರೂ ಆರೋಗ್ಯ ವಿಚಾರಿಸಲಿಲ್ಲ. ಮೊದಲು ಕೈಗೆ ಕೋಲು ಕೊಟ್ಟರು.

ಎರಡನೆಯ ಕಾಯಿದೆ ಸಣ್ಣ ಮಕ್ಕಳದು. ಗಿಡ ಹತ್ತಲಾಗದ, ಬಿಟ್ಟರೆ ಅತ್ತು ರಂಪ ಮಾಡುವ ಕೂಸುಗಳನ್ನು ನಾವು ‘ಬೆಣ್ಣಿ’ ಅನ್ನುತ್ತಿದ್ದೆವು. ಬೆಣ್ಣಿ ಎಲ್ಲರ ಜೊತೆ ಓಡಬಹುದು, ಕೂಗಬಹುದು. ಆದರೆ ಅದನ್ನು ಮುಟ್ಟಿದರೂ ಮುಟ್ಟಿದಂತಲ್ಲ, ಅದು ಎಂದೂ ಕಳ್ಳನಾಗುವುದಿಲ್ಲ. ಹುಲ್ಲಪ್ಪನ ತಂಗಿ ಎರಡು ವರ್ಷ ಬೆಣ್ಣಿಯಾಗಿದ್ದಳು. ಮೊದಲ ಸಲ ಕಳ್ಳಿಯಾದ ದಿನ ಓಣಿಯ ಮನೆಮನೆಗೂ ಹೋಗಿ ಹೇಳಿಬಂದಿದ್ದಳು.

ಈ ಕಾಯಿದೆಗಳಿಗೆ ನ್ಯಾಯಾಧೀಶಳು ಬೋರವ್ವ, ಕುರಿಗಾರ ಅಮಸಿದ್ದಪ್ಪನ ಮಗಳು. ಬೀರಪ್ಪ ದೇವರ ಒಕ್ಕಲು. ನಮಗಿಂತ ಒಂದು ವರ್ಷಕ್ಕೆ ದೊಡ್ಡವಳು, ಒಂದು ಗೇಣು ಎತ್ತರ, ದನಿಯಂತೂ ಗುಡ್ಡದ ಆಚೆಗಿನ ಕುರಿಯನ್ನು ತಿರುಗಿಸುವಂಥದು. ಜಗಳ ಬಂದರೆ ಅವಳದು ಒಂದೇ ಮಾತು: “ಸಿಕ್ಕವರು ಸಿಕ್ಕಂಗ. ಅದರಾಗ ಸಣ್ಣವರು ದೊಡ್ಡವರು ಅನ್ನೂದಿಲ್ಲ.”

ರಾಚಯ್ಯ ಆ ಮನೆಯ ಹುಡುಗ, ಬಸಯ್ಯನವರ ಮಗ. ಕಳ್ಳನಾಗುವುದೆಂದರೆ ನಮಗೆಲ್ಲ ಶಿಕ್ಷೆ, ಅವನಿಗೊಬ್ಬನಿಗೆ ಹಬ್ಬ. ನಮ್ಮ ಹಾಗೆ ಅವನು ಗಿಡದ ಸುತ್ತ ಬೊಬ್ಬೆ ಹೊಡೆಯುತ್ತಿರಲಿಲ್ಲ. ಒಳಕಲ್ಲಿನ ಮೇಲೆ ಕೂತು, ಕಾಲಿನ ಮುಳ್ಳು ತೆಗೆಯುವವನ ಹಾಗೆ ನಟಿಸಿ, ಆಟವನ್ನೇ ಮರೆತನೇನೋ ಎನ್ನುವಷ್ಟು ಹೊತ್ತು ಸುಮ್ಮನಿರುತ್ತಿದ್ದ. ಮೇಲೆ ಕೂತವರಿಗೆ ಬೇಸರವಾಗಿ ಒಂದು ಕಾಲು ಕೆಳಗೆ ಬಿಟ್ಟರೆ ಸಾಕು, ಮುಂಗುಸಿಯಂತೆ ಹಾರಿ ಹಿಡಿಯುತ್ತಿದ್ದ. ಬೇಕೆಂದೇ ಸಿಕ್ಕಿಬೀಳುತ್ತಾನೆಂದು ಅವನ ಮೇಲೆ ನಮಗೆಲ್ಲ ಗುಮಾನಿ ಇತ್ತು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಹುನಗುಂದದ ಕಡೆಯ ಒಂದು ಹಳ್ಳಿಯಿಂದ ಕೆಲವು ಹಿರಿಯರು ಬಸಯ್ಯನವರ ಮನೆಗೆ ಬಂದರು. ಅವರ ಊರಿನ ಮಠಕ್ಕೆ ಒಬ್ಬ ಮರಿ ಬೇಕಾಗಿತ್ತು. ಮರಿ ಅಂದರೆ ಮುಂದೆ ಸ್ವಾಮಿಯಾಗುವ ಜಂಗಮರ ಹುಡುಗ. ಬಂದವರು ರಾಚಯ್ಯನನ್ನು ಕೂಡಿಸಿಕೊಂಡು ವಚನ ಹೇಳಿಸಿದರು, ಮುಖ ನೋಡಿದರು, ಮಾತಾಡಿಸಿದರು. ಮರಿಯಾಗಿ ಆರಿಸಿದರು. ಮಳೆಗಾಲಕ್ಕೆ ಮುಂಚೆ ಅವನನ್ನು ಶಿವಯೋಗ ಮಂದಿರಕ್ಕೆ ಕಳಿಸಿ ಓದಿಸುವುದೆಂದು ಮಾತಾಯಿತು. ಅವನಿಗೆ ಒಂಬತ್ತು ವರ್ಷ.

ಮರುದಿನ ಬೆಳಿಗ್ಗೆ ಗಾಡಿ ಹೊಡೆಯುವ ಜಾಫರಸಾಬ ಓಣಿಯಲ್ಲಿ ಎದುರಾದವನು ಚಪ್ಪಲಿ ಕಳಚಿ, ಬಿಳಿಗಡ್ಡದ ತಲೆ ಬಗ್ಗಿಸಿ ರಾಚಯ್ಯನ ಪಾದ ಮುಟ್ಟಿದ. ರಾಚಯ್ಯನ ಕಿಸೆಯಲ್ಲಿ ಆಗ ಗೋಲಿಗಳಿದ್ದವು. ಅವನು ಒಂದು ಕೈಯಿಂದ ಕಿಸೆ ಹಿಡಿದುಕೊಂಡು ನಿಂತಿದ್ದ. ನಮ್ಮ ಕಡೆ ಸ್ವಾಮಿಗಳನ್ನು ಅಜ್ಜಾರು ಅನ್ನುವುದರಿಂದ ಅವನು ಅಂದಿನಿಂದ ‘ಸಣ್ಣ ಅಜ್ಜಾರು’ ಆದ. ನಿನ್ನೆಯವರೆಗೆ ಅಡುಗೆಯ ಹುಟ್ಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದ ಅವನ ಅಮ್ಮ ಗುರುಲಿಂಗವ್ವ, ಅಂದರೆ ಬಸಯ್ಯನವರ ತಾಯಿ, ಈಗ “ಬರ್ರಿ, ಊಟಕ್ಕ ಏಳ್ರಿ” ಅನ್ನತೊಡಗಿದಳು. ಹಡೆದಪ್ಪನೂ ಬಹುವಚನಕ್ಕೆ ಹೊರಳಿದರು. ಊರು ಅಂದರೆ ಹೀಗೆ, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಎಲ್ಲರ ನಾಲಿಗೆಯೂ ಒಟ್ಟಿಗೆ ಬದಲಾಗಿರುತ್ತದೆ.

ಅದೇ ಸಂಜೆ ಹಿತ್ತಲಲ್ಲಿ ಹುಲ್ಲಪ್ಪ ಕಳ್ಳ. ರಾಚಯ್ಯನ ಕಾಲು ಟೊಂಗೆಯಿಂದ ಕೆಳಗೆ ತೂಗುತ್ತಿತ್ತು. ಹುಲ್ಲಪ್ಪ ಆಟದ ರಭಸದಲ್ಲಿ ಓಡಿಬಂದು ಆ ಪಾದವನ್ನು ಹಿಡಿದೇಬಿಟ್ಟ. ಹಿಡಿದ ಮೇಲೆ ಅವನಿಗೆ ಜ್ಞಾನೋದಯವಾಯಿತು. ಎರಡೂ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡು, ಗಲ್ಲ ಬಡಿದುಕೊಂಡು, ಬೇರೆ ಟೊಂಗೆಯ ಕಡೆ ಹೊರಟ.

“ಲೇ ಹುಲ್ಲ್ಯಾ! ನಾ ಸಿಕ್ಕೇನಿ! ಇನ್ನ ನಾ ಕಳ್ಳ!” ಎಂದು ರಾಚಯ್ಯ ಮೇಲಿನಿಂದ ಕೂಗಿದ.

“ಇಲ್ರಿ ಅಜ್ಜಾರ. ನೀವು ಕೂಡ್ರಿ.”

“ರಿ ಅನಬ್ಯಾಡಲೇ!”

“ನಮ್ಮಪ್ಪ ಬಡಿತಾನ್ರಿ” ಎಂದ ಹುಲ್ಲಪ್ಪ. ಅದು ಖರೆಯೂ ಆಗಿತ್ತು.

ಆ ವಾರವಿಡೀ ರಾಚಯ್ಯ ಸಿಕ್ಕಿಬೀಳಲು ಪಡದ ಪಾಡಿಲ್ಲ. ಕೈಗೆಟಕುವ ಟೊಂಗೆಯ ಮೇಲೆ ಕೂತ. ಗಿಡವನ್ನೇ ಹತ್ತದೆ ಬುಡದಲ್ಲಿ ನಿಂತ. ಕಳ್ಳನಾದ ನಾನು ಅವನನ್ನು ಮುಟ್ಟದೆ ಸುತ್ತುಹಾಕಿ ಓಡಿದೆ. ಒಂದು ದಿನ ಕೋಲನ್ನೇ ಕದ್ದು ಬಣವೆಯಲ್ಲಿ ತುರುಕಿದ. ಬೇರೆ ಯಾರೇ ಆಗಿದ್ದರೂ ನಾವು ಚರ್ಮ ಸುಲಿಯುತ್ತಿದ್ದೆವು, ಅವನಿಗೆ ಯಾರೂ ಚಕಾರ ಎತ್ತಲಿಲ್ಲ. ಜಾಫರಸಾಬನ ಮಗ ಮುರ್ತುಜ ಮಾತ್ರ, “ನಮ್ಮ ಮಂದ್ಯಾಗ ಅಜ್ಜಾರು ಗಿಜ್ಜಾರು ಇಲ್ಲ. ನಾ ಮುಟ್ಟಿದ್ರ ನಡೀತದ” ಎಂದು ಧೈರ್ಯ ಮಾಡಿದ. ಮುಟ್ಟುವ ಮುಂಚೆಯೇ ಅವನ ಅಪ್ಪ ಗೋಡೆಯ ಮೂಲೆಯಿಂದ ನೋಡಿ ಕಿವಿ ಹಿಂಡಿ ಮನೆಗೆ ಎಳೆದೊಯ್ದ. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಹುಲ್ಲಪ್ಪನ ಚಿಕ್ಕ ತಮ್ಮ ಒಬ್ಬ ಆಗ ಹೊಸ ಬೆಣ್ಣಿಯಾಗಿ ಬಂದಿದ್ದ. ರಾಚಯ್ಯ ಅವನನ್ನೊಮ್ಮೆ, ತನ್ನನ್ನೊಮ್ಮೆ ನೋಡಿಕೊಂಡದ್ದನ್ನು ನಾನು ಕಂಡೆ.

ಬೋರವ್ವ ಈ ದಿನಗಳಲ್ಲಿ ಊರಲ್ಲಿರಲಿಲ್ಲ. ಅವಳ ಮನೆಯವರು ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಹೋಗಿದ್ದರು. ಅವರು ತಿರುಗಿ ಬಂದ ಸಂಜೆ ರಾಚಯ್ಯ ಅವಳನ್ನು ಕುಸಿದ ಗೋಡೆಯ ಹತ್ತಿರ ಹಿಡಿದು ನಿಲ್ಲಿಸಿದ. ನಾನು ಬಣವೆಯ ಮಗ್ಗುಲಲ್ಲಿ ಕಳೆದುಹೋದ ಚಿಣಿ ಹುಡುಕುತ್ತಿದ್ದೆ.

“ಬೋರಿ, ನೀನರ ನನ್ನ ಮುಟ್ಟು.”

“ಒಲ್ಲೆ.”

“ಯಾಕ? ಸಿಕ್ಕವರು ಸಿಕ್ಕಂಗ ಅಂತಿದ್ದಿ?”

“ಹ್ವಾದ ವರ್ಷ ನಮ್ಮ ಕುರಿ ಸತ್ತಿದ್ದು ಗೊತ್ತಿಲ್ಲೇನ್ ನಿಮಗ? ಅರ್ಧ ಹಟ್ಟಿ ಖಾಲಿ ಆತು. ಅಜ್ಜಾರಿಗೆ ಕಳ್ಳ ಅಂದ್ರ ಉಳದಾವೂ ಹೋಗ್ತಾವು ಅಂತಾಳ ನಮ್ಮವ್ವ.”

“ನೀನೂ ‘ನಿಮಗ’ ಅನ್ನಾಕ ಹತ್ತಿದಿ?”

ಬೋರವ್ವ ಕುಸಿದ ಗೋಡೆಯ ಮಣ್ಣನ್ನು ಕಾಲ್ಬೆರಳಿನಿಂದ ಕೆದರಿದಳು.

“ನಾ ಹೋಗೂದು ಹೋಗ್ತೇನಿ,” ಎಂದ ರಾಚಯ್ಯ. “ಅಲ್ಲೆ ಓದ್ತೇನಿ, ಪೂಜಿ ಮಾಡ್ತೇನಿ, ಅವರು ಹೇಳಿದಂಗ ಕೇಳ್ತೇನಿ. ಆದ್ರ ಬೆಣ್ಣಿ ಆಗಿ ಹೋಗಾಕ ಒಲ್ಲೆ ನಾ. ಕಳ್ಳ ಆಗಿ ಹೋಗ್ತೇನಿ.”

ಹೇಳುತ್ತ ಹೇಳುತ್ತ ಅವನು ಅತ್ತುಬಿಟ್ಟ. ಊರವರೆಲ್ಲ ಪಾದ ಮುಟ್ಟುವ ಹುಡುಗ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಅಳುತ್ತಿದ್ದ. ನನಗೆ ಬಹಳ ಕೆಟ್ಟೆನಿಸಿತು, ಚಿಣಿ ಸಿಕ್ಕರೂ ಅಲ್ಲೇ ಬಿಟ್ಟು ಬಂದೆ. ಬೋರವ್ವ ಮನೆಗೆ ಹೋದಳು.

ಅದರ ಮರುದಿನದಿಂದ ಗುರುಲಿಂಗವ್ವ ಹಿತ್ತಲ ಬಾಗಿಲಲ್ಲಿ ಹೊರಸು ಹಾಕಿಕೊಂಡು ಕೂತಳು. ಸಣ್ಣ ಅಜ್ಜಾರು ಗಿಡ ಹತ್ತಕೂಡದು, ಓಡಕೂಡದು, ಬರಿಗಾಲಲ್ಲಿ ಅಂಗಳಕ್ಕೆ ಇಳಿಯಕೂಡದು. “ಪಾದ ಜ್ವಾಕಿರಿ,” ಎಂದು ಮೊಮ್ಮಗನಿಗೆ ಹೇಳುತ್ತಿದ್ದಳು. “ನಾಳೆ ಅವಕ್ಕ ಸಾವಿರ ಮಂದಿ ಹಣಿ ಹಚ್ಚವರದಾರ. ಮುಳ್ಳು ಗಿಳ್ಳು ಚುಚ್ಚಿದ್ರ ಏನ್ ಗತಿ?” ರಾಚಯ್ಯ ಒಳಕಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿರುತ್ತಿದ್ದ. ನಾವು ಆಡುತ್ತಿದ್ದೆವು. ಅವನನ್ನು ಹೊರಗೆ ಕೂಡಿಸಿ ಆಡಿದ ಆ ಆಟದಲ್ಲಿ ಯಾರಿಗೂ ರುಚಿ ಇರಲಿಲ್ಲ, ಆದರೂ ಆಡುತ್ತಿದ್ದೆವು.

ಹೊರಡುವ ದಿನ ಬಂತು. ಬಾಗಲಕೋಟೆಯಿಂದ ಜೀಪು ತರಿಸಿದ್ದರು. ಮನೆಯ ಮುಂದೆ ಚಪ್ಪರ, ಚಪ್ಪರದಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೆ ರಾಚಯ್ಯ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಗಲ್ಲದವರೆಗೆ ಬರುವ ಚೆಂಡುಹೂವಿನ ಮಾಲೆ. ಕಾಲು ನೆಲಕ್ಕೆ ಎಟುಕದೆ ಗಾಳಿಯಲ್ಲಿ ತೂಗುತ್ತಿದ್ದವು. ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟುತ್ತಿದ್ದರು, ಅವನು ಹಿರಿಯರು ಕಲಿಸಿದಂತೆ ಬಲಗೈ ಎತ್ತುತ್ತಿದ್ದ. ದೊಡ್ಡವರದೆಲ್ಲ ಮುಗಿದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹುಲ್ಲಪ್ಪ ಮುಟ್ಟಿದ, ಮುರ್ತುಜ ಮುಟ್ಟಿದ, ನಾನು ಮುಟ್ಟಿದೆ. ಅವನು ನಮ್ಮ ಮುಖ ನೋಡಲಿಲ್ಲ. ಎತ್ತಿದ ಕೈ ಹಾಗೇ ಇತ್ತು.

ಕೊನೆಯವಳು ಬೋರವ್ವ. ಮುಂದೆ ಹೋದಳು, ಬಗ್ಗಿದಳು. ಎಲ್ಲರ ಹಾಗೆ ಬೆರಳ ತುದಿಯಿಂದ ಮುಟ್ಟಲಿಲ್ಲ. ಎಡಗಾಲಿನ ಹಿಮ್ಮಡವನ್ನು, ಗಿಡದಲ್ಲಿ ಹಿಡಿಯುವ ಹಾಗೆ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಳು.

“ಸಿಕ್ಕಿ,” ಎಂದಳು. “ನೀ ಕಳ್ಳ.”

ಹೇಳಿದ್ದೇ ತಡ, ಲಂಗ ಎತ್ತಿಕಟ್ಟಿ ಓಡಿದಳು. ಕಳ್ಳ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಕಾಲುಗಳು ನಮ್ಮನ್ನು ಕೇಳುವುದಿಲ್ಲ. ನಾವೂ ಓಡಿದೆವು, ಮನೆಯ ಮಗ್ಗುಲ ಸಂದಿಯಲ್ಲಿ ನುಗ್ಗಿ, ಕುಸಿದ ಗೋಡೆ ಹಾರಿ, ಎಲ್ಲರೂ ಬೇವಿನ ಗಿಡದ ಮೇಲೆ. ಹಿಂದೆ ಚಪ್ಪರದಲ್ಲಿ ಗದ್ದಲವೆದ್ದಿತು. ಮಕ್ಕಳು ಹೀಗೇಕೆ ಓಡಿದವೆಂದು ಯಾರೋ ಕೇಳಿದರು. “ತೇಜಸ್ಸು ನೋಡ್ರೀ,” ಎಂದು ಮಠದ ಕಡೆಯಿಂದ ಬಂದಿದ್ದ ಹಿರಿಯರಲ್ಲಿ ಒಬ್ಬರು ಎತ್ತರದ ದನಿಯಲ್ಲಿ ತಿಳಿಸಿಕೊಟ್ಟರು. “ಹುಡುಗೂರಿಗೆ ತಡಕೊಳ್ಳಾಕ ಆಗ್ಲಿಲ್ಲ.” ದೊಡ್ಡವರಿಗೆ ಯಾವುದಕ್ಕೂ ಒಂದು ಅರ್ಥ ಸಿದ್ಧವಿರುತ್ತದೆ.

ಗಿಡದ ತುದಿಯಿಂದ ಓಣಿ ಕಾಣುತ್ತಿತ್ತು. ರಾಚಯ್ಯ ಕುರ್ಚಿಯಿಂದ ಜಿಗಿದು ಚಪ್ಪರದ ಹೊರಗೆ ಬಂದಿದ್ದ. ಮಾಲೆ ಒಂದು ಕಡೆ ವಾಲಿತ್ತು. ನಮ್ಮ ಕಡೆ ಓಡಲು ಕಾಲೆತ್ತಿದ್ದ ಅವನನ್ನು ಬಸಯ್ಯನವರು ಹೆಗಲ ಮೇಲೆ ಕೈಯಿಟ್ಟು ತಡೆದಿದ್ದರು. ಅವನು ಗಿಡದ ಮೇಲಿನ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ನಗುತ್ತಿದ್ದ. ಆ ಒಂದು ತಿಂಗಳಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ.

ಆಮೇಲೆ ತಾನಾಗಿಯೇ ಜೀಪು ಹತ್ತಿದ. ಜೀಪು ತಿರುವಿನಲ್ಲಿ ಹೊರಳುವಾಗ ಪಡದೆ ಸರಿಸಿ ತಲೆ ಹೊರಗೆ ಹಾಕಿ ಕೂಗಿದ: “ನಾ ಬರೂತನಾ ಯಾರೂ ಇಳೀಬ್ಯಾಡ್ರೆಪಾ!”

ದೀಪ ಹಚ್ಚುವ ಹೊತ್ತಿನವರೆಗೆ ನಾವು ಗಿಡದ ಮೇಲೆಯೇ ಇದ್ದೆವು. ಹುಲ್ಲಪ್ಪನಿಗೆ ಹಸಿವಾಗಿ ಅಳು ಬಂದಿತ್ತು. “ಬೋರಿ, ನಿಮ್ಮ ಕುರಿ?” ಎಂದು, ನನ್ನಿಂದ ಎಲ್ಲ ತಿಳಿದಿದ್ದ ಮುರ್ತುಜ ಕೇಳಿದ.

“ನಿನ್ನೆ ಬೀರಪ್ಪಗ ಹೇಳಿ ಬಂದೇನಿ,” ಎಂದಳು ಬೋರವ್ವ. “ಆಟದಾಗಿಂದು ಆಟದಾಗ ಇರಲಿ, ಕುರಿ ಮ್ಯಾಲ ತರಬ್ಯಾಡ ಅಂತ. ಮಂದಿ ಮುಂದ ಅವನ ಕಾಲು ಹಿಡಿಯಾಕ ಯಾರೂ ಬ್ಯಾಡ ಅನ್ನದ ಜಾಗಾ ಅಂದ್ರ ಅದೊಂದ ಇತ್ತು.” ಇಷ್ಟು ಹೇಳಿ ಅವಳು ಮೊದಲಿಗಳಾಗಿ ಇಳಿದಳು.

ಮರುದಿನ ಹುಲ್ಲಪ್ಪ ಕೋಲು ಹಿಡಿದು ಬಂದಾಗ ಬೋರವ್ವ ಅದನ್ನು ಕಸಿದುಕೊಂಡು, ಗಿಡ ಹತ್ತಿ, ಎತ್ತರದ ಒಂದು ಕವಲಿನಲ್ಲಿ ಸಿಕ್ಕಿಸಿ ಬಂದಳು. “ಕಳ್ಳ ಊರಾಗಿಲ್ಲ,” ಎಂದಳು. ಕಾಯಿದೆ ಕಾಯಿದೆಯೇ. ಕಳ್ಳನಿಲ್ಲದೆ ಆಟ ಶುರುವಾಗುವುದಿಲ್ಲ. ಆ ಹಿತ್ತಲಲ್ಲಿ ನಾವು ಮುಂದೆ ಲಗೋರಿ ಆಡಿದೆವು, ಚಿಣಿಕೋಲು ಆಡಿದೆವು, ಗಿಡಮಂಗ್ಯಾ ಮಾತ್ರ ಆಡಲಿಲ್ಲ. ಹೀಗೆಯೇ ದೊಡ್ಡವರಾದೆವು. ಅಮಸಿದ್ದಪ್ಪನ ಕುರಿಗಳಿಗೆ ಆ ವರ್ಷ ಏನೂ ಆಗಲಿಲ್ಲ.

ಎಂಬತ್ತಾರರ ಶ್ರಾವಣದಲ್ಲಿ, ಬೇವೂರಿನ ಬಸವಣ್ಣನ ಗುಡಿಯಲ್ಲಿ ನಡೆದ ಪ್ರವಚನದ ಕೊನೆಯ ದಿನ, ಸ್ವಾಮಿಗಳು ಬಂದರು. ನಾನು ಆಗ ಇಳಕಲ್ಲಿನಲ್ಲಿ ಸೀರೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಅವ್ವ ಹೇಳಿಕಳಿಸಿದ್ದಕ್ಕೆ ರಜೆ ಕೇಳಿ ಬಂದೆ. ರಾಚಯ್ಯ ಎತ್ತರವಾಗಿದ್ದರು, ಸಣ್ಣ ಗಡ್ಡ ಬಂದಿತ್ತು, ಕಾವಿ ಒಪ್ಪುತ್ತಿತ್ತು. ಮಾತಾಡಿದ್ದು ಸ್ವಲ್ಪವೇ, ಆದರೆ ಕೂತವರು ಕೆಮ್ಮಲೂ ಇಲ್ಲ. ಅವರು ಓದಿದ್ದು, ನಡೆದುಕೊಂಡದ್ದು ಎಲ್ಲ ಸುಳ್ಳಲ್ಲ ಎಂದು ನನ್ನಂಥವನಿಗೂ ತಿಳಿಯಿತು. ಏಕವಚನ ನನ್ನ ಬಾಯಿಗೂ ಬರಲಿಲ್ಲ.

ಪಾದ ಮುಟ್ಟುವ ಸಾಲಿನಲ್ಲಿ ನನ್ನ ಮುಂದೆ ಬೋರವ್ವ ಇದ್ದಳು. ತುಳಸಿಗೇರಿಗೆ ಕೊಟ್ಟಿದ್ದರು, ತವರಿಗೆ ಬಂದಿದ್ದಳು. ಬಗಲಲ್ಲಿ ಒಂದು ಗಂಡು ಕೂಸು, ವರ್ಷ ತುಂಬಿರಬೇಕು. ಅವಳ ಸರದಿ ಬಂತು. ಕೂಸನ್ನು ಇಳಿಸಲು ನೋಡಿದಳು, ಅದು ಕುತ್ತಿಗೆಗೆ ಜೋತುಬಿತ್ತು. ಹಾಗೇ ಬಗ್ಗಿದಳು. ಬಗ್ಗಿದಾಗ ಕೂಸಿನ ಬರಿಗಾಲೊಂದು ಅವಳ ಟೊಂಕದಿಂದ ಸ್ವಾಮಿಗಳ ಮುಂದೆ ಇಳಿಬಿದ್ದು ತೂಗಾಡಿತು.

ಅದುವರೆಗೆ ಎಲ್ಲರಿಗೂ ಕೈ ಎತ್ತಿ ಹರಸುತ್ತಿದ್ದ ಸ್ವಾಮಿಗಳು ಕೈ ಇಳಿಸಿದರು. ಆಚೀಚೆ ನೋಡಲಿಲ್ಲ. ಎರಡು ಬೆರಳಿನಿಂದ ಕೂಸಿನ ಹಿಮ್ಮಡ ಹಿಡಿದರು.

“ಸಿಕ್ಕಿ,” ಎಂದರು, ನಮಗಿಬ್ಬರಿಗೆ ಕೇಳುವಷ್ಟು ಮೆಲ್ಲಗೆ.

ಗುಡಿಯಲ್ಲಿ ಗುಜುಗುಜು ಹಬ್ಬಿತು. ಸ್ವಾಮಿಗಳು ಕುರಿಗಾರರ ಕೂಸಿನ ಪಾದ ಮುಟ್ಟಿದರು, ಎಂಥ ದೊಡ್ಡ ಗುಣ, ಕೂಸಿನಲ್ಲೂ ಶಿವನನ್ನು ಕಂಡರು ಎಂದು ಹಿಂದಿನವರು ಮುಂದಿನವರಿಗೆ, ಮುಂದಿನವರು ಪಕ್ಕದವರಿಗೆ ಹೇಳತೊಡಗಿದರು. ಮುದುಕ ಜಾಫರಸಾಬ ಕಣ್ಣೊರೆಸಿಕೊಂಡ.

ಬೋರವ್ವ ಎದ್ದು ನಿಂತಳು. ಕಣ್ಣು ತುಂಬಿದ್ದವು, ಆದರೆ ಮುಖದ ಮೇಲಿದ್ದದ್ದು ಆ ಹಳೆಯ ನ್ಯಾಯಾಧೀಶಳೇ. ಕೂಸಿನ ಕಾಲನ್ನು ಸೆರಗಿನೊಳಗೆ ಎಳೆದುಕೊಂಡಳು.

“ಇದು ಬೆಣ್ಣಿ ಐತಿ,” ಎಂದಳು. “ನಡಿಯಂಗಿಲ್ಲ. ಇನ್ನೂ ನೀನ ಕಳ್ಳ.”

ಸ್ವಾಮಿಗಳು ಒಂದು ಗಳಿಗೆ ಅವಳನ್ನೇ ನೋಡಿದರು. “ಖರೆ,” ಎಂದರು. ಮುಖದಲ್ಲಿ, ಜೀಪು ಹತ್ತುವ ಮುಂಚೆ ನಾನು ಗಿಡದ ಮೇಲಿನಿಂದ ಕಂಡಿದ್ದ ಆ ನಗು ಬಂತು. ಬೋರವ್ವ ಕೂಸನ್ನು ಎತ್ತಿಕೊಂಡು, ತಿರುಗಿ ನೋಡದೆ, ಸ್ವಲ್ಪ ಬಿರುಸಾಗಿಯೇ ಗುಡಿಯ ಮೆಟ್ಟಿಲಿಳಿದು ಹೋದಳು.

ಮುಂದಿನ ಸರದಿ ನನ್ನದು. ಸ್ವಾಮಿಗಳು ನನ್ನ ಮುಖ ನೋಡಿ ಗುರುತು ಹಿಡಿದರು. ಆಮೇಲೆ ನನ್ನ ಕಾಲು ನೋಡಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ಕೈಮುಗಿದೆ.